ಕ್ಯಾಮೆರಾ ಮುಂದಿನ ಕಬ್ಬಿನ ಹಾಲು

ಸಾಹಿತಿ ನೇಮಿನಾಥ ಕ್ಯಾಮೆರಾ ಎದುರೇ ಕುಸಿದರು. ಎಲ್ಲರೂ ನಟನೆ ಎಂದುಕೊಂಡರು. ಕಲಾತ್ಮಕ ಚಿತ್ರ ನೋಡಿ, ನಿಧಾನವಾಗಿ ಸಾಯುವುದು ಅದರಲ್ಲಿ ಮಾಮೂಲು.

2012ರ ಮಾರ್ಚ್. ಶೂಟಿಂಗ್ ನಡೆದಿದ್ದು ಕಾಗವಾಡದ ಅವರ ಮನೆಯಲ್ಲೇ. ಒಬ್ಬ ಸಾಹಿತಿ, ಅವನ ಬರಹಕ್ಕೆ ಸ್ಫೂರ್ತಿಯಾದ ಹುಡುಗಿ, ಮುಪ್ಪಿನಲ್ಲಿ ಅವಳ ನೆನಪು: ಇಷ್ಟೇ ಕಥೆ. ಬರೆದವರೂ ನೇಮಿನಾಥ, ಸಾಹಿತಿಯ ಪಾತ್ರವೂ ಅವರದೇ. ಹುಡುಗಿಯಾಗಿ ನಿಪ್ಪಾಣಿಯ ನಾಟಕದ ನಟಿ ನೀಲಮ. ಆ ದೃಶ್ಯದಲ್ಲಿ ಅವಳು ಅವರಿಗೆ ಕಬ್ಬಿನ ಹಾಲು ಕೊಟ್ಟಳು. ಅವರು ಗಟಗಟನೆ ಅರ್ಧ ಲೋಟ ಕುಡಿದರು. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ಬಿದ್ದರು.

ಹಾರ್ಟ್ ಅಟ್ಯಾಕ್ ಎಂದು ಮಿರಜಿಗೆ ಒಯ್ದರು. ದಾರಿಯಲ್ಲೇ ಪ್ರಾಣ ಹೋಗಿತ್ತು. ಡಾಕ್ಟರು ಬೇರೆಯೇ ಹೇಳಿದರು. ವಿಷ. ದ್ರಾಕ್ಷಿಗೆ ಹೊಡೆಯುವ ಔಷಧ.

*

"ನಿನ್ನೆ ಈ ನೀಲಮ ನೇಮಿನಾಥರ ಕೆನ್ನೆಗೆ ಹೊಡೆದಿದ್ಳು ಮೇಡಂ. ಇಡೀ ಯೂನಿಟ್ ನೋಡಿದೆ" ಎಂದ ಮಿರಜಿನಿಂದ ಅದೇ ಮನೆಗೆ ಮರಳಿದ್ದ ಬೆಂಗಳೂರಿನ ನಿರ್ದೇಶಕ, ತನಿಖೆಗೆ ಬಂದ ಪಿಎಸ್‌ಐ ಶುಭಾಂಗಿಗೆ.

ನೀಲಮ ಮುಂದೆ ಬಂದಳು. "ಮೈ ಮುಟ್ಟಿದ್ರು, ಹೊಡದ್ನಿ. ಅದಕ್ಕ ಕೊಲ್ತೀನೇನ್ರಿ? ಲೋಟ ಅಡಗಿಮನ್ಯಾಗ ತುಂಬಿಟ್ಟಿತ್ತು, ತಂದ್ ಕೊಟ್ನಿ. ಮಿರಜ್ ಮಟಾ ಅವರ ತಲಿ ನನ್ನ ತೊಡಿ ಮ್ಯಾಲ ಇತ್ರಿ!"

"ಕೊಟ್ಟದ್ದು ಕ್ಯಾಮೆರಾದಾಗ ಐತಿ, ಜಗಳಾನೂ ಆಗೇತಿ" ಎಂದ ಹವಾಲ್ದಾರ ಮಾಳಸಿದ್ದ. "ಈಕಿನ್ನ ಜೀಪ್ ಹತ್ತಸ್ಲೇನ್ರಿ ಸಾಹೇಬ್ರ?"

ಶುಭಾಂಗಿ ಮೇಜಿನತ್ತ ಬಾಗಿದಳು. ಕುಡಿದುಳಿದ ಅರ್ಧ ಲೋಟ ಅಲ್ಲೇ ಇತ್ತು. ಅದರ ಬಾಯಿಗೆ ನೀರು ಸೋಸುವ ಬಿಳಿ ಬಟ್ಟೆಯನ್ನು ಬಿಗಿಯಾಗಿ ಕಟ್ಟಲಾಗಿತ್ತು. ಸುತ್ತ ನೊಣಗಳು ಮುತ್ತಿದ್ದವು. ಒಂದೂ ಒಳಗೆ ಬಿದ್ದಿರಲಿಲ್ಲ.

"ಇದನ್ನ ಯಾರ ಕಟ್ಟಿದ್ರಿ?"

ನಿರ್ದೇಶಕ ತಲೆಯಾಡಿಸಿದ. "ನಾವೆಲ್ಲ ಕಾರಿನ ಹಿಂದೆ ಹೋದ್ವಿ. ಮನೆಯಲ್ಲಿ ಉಳಿದಿದ್ದು ಅವರ ಹೆಂಡತಿ ಒಬ್ಬರೇ."

*

ಕಮಲಾಬಾಯಿ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಶುಭಾಂಗಿ ಎದುರಿಗೇ ಕೂತಳು.

"ಕಾಕು, ಗಂಡ ಸಾಯಾಕತ್ತಾಗ ಎಂಜಲ ಲೋಟಕ್ಕ ಯಾರ್ ಬಟ್ಟಿ ಕಟ್ಟತಾರ? ಆವಾಗ ಎಲ್ಲಾರೂ ಹಾರ್ಟ್ ಅಟ್ಯಾಕ್ ಅಂದಿದ್ರು. ವಿಷ ಅಂತ ಗೊತ್ತಾಗಿದ್ದು ಮಿರಜದಾಗ. ನಿಮಗ ಮದಲ ಗೊತ್ತಿತ್ತು."

ಶುಭಾಂಗಿ ಇನ್ನಷ್ಟು ಹತ್ತಿರ ಸರಿದಳು.

"ಚೆಲ್ಲಿಬಿಟ್ಟಿದ್ರ ನಾ ಇಲ್ಲಿ ಕುಂದರತಿದ್ದಿಲ್ಲ. ಯಾಕ ಚೆಲ್ಲಲಿಲ್ಲ?"

"ಎಲ್ಲಿ ಚೆಲ್ಲಲಿ?" ಎಂದರು ಕಮಲಾಬಾಯಿ. "ಬಚ್ಚಲದಾಗ ಇರಬಿ ಅದಾವು. ತೆರದಿಟ್ರ ನೊಣ ಸಾಯತಾವು. ಅವೇನ್ ಪಾಪ ಮಾಡ್ಯಾವವ್ವ?"

ಮಾಳಸಿದ್ದ ಬಾಯಿ ತೆರೆದವನು ಮುಚ್ಚಲೇ ಇಲ್ಲ. ನೀರನ್ನೂ ಸೋಸಿ ಕುಡಿಯುವ ಹೆಂಗಸು! ಹುಳ ಸತ್ತೀತೆಂದು ಹೊತ್ತು ಮುಳುಗಿದ ಮೇಲೆ ಊಟ ಮುಟ್ಟದ ಹೆಂಗಸು! ಗಂಡನಿಗೆ ವಿಷ ಹಾಕಿದ್ದಾಳೆ.

"ಯಾಕ, ಕಾಕು?"

"ಸಿನಿಮಾದಾಗಿನ ಹುಡಗಿ ಕುಸುಮ, ನನ್ನ ತಂಗಿ. ಕಾಲ ಜಾರಿ ಬಾವಿಗೆ ಬಿದ್ಲಂತ ಇಷ್ಟ ವರ್ಷ ನಂಬಿದ್ನಿ. ನಿನ್ನೆ ಶೂಟಿಂಗ್ ನೋಡಾಕ ಕುಂತಿದ್ನಿ. 'ಹೊಟ್ಟ್ಯಾಗ ನಿಮ್ಮ ಕೂಸ ಐತಿ, ಅಕ್ಕಗ ಹೆಂಗ ಮಾರಿ ತೋರಸ್ಲಿ' ಅಂತ ಈ ಹುಡಗಿ ಅತ್ತಳು. ಆಮ್ಯಾಲ ಬಾವಿ ಕಡೆ ಓಡಿದ್ಳು. ಇದು ಖರೇನಾ ಅಂತ ಇವರನ್ನ ಕೇಳಿದ್ನಿ. ಹೌದು ಅಂದ್ರು. ಅಕಿ ಸತ್ತದ್ದಕ್ಕ ನನ್ನ ಕಥಿ ಇಷ್ಟ ಚಂದ ಆದ್ವು ಅಂದ್ರು."

ಶುಭಾಂಗಿ ಎಷ್ಟೋ ಕೊಲೆಗಾರರನ್ನು ಕಂಡಿದ್ದಳು. ಇವತ್ತು ಬೇಡಿಯನ್ನು ಹೊರಗೆ ತೆಗೆಯಲಿಲ್ಲ.

ಬಾಗಿಲಲ್ಲಿ ನೀಲಮ ನಿಂತಿದ್ದಳು. ಕಮಲಾಬಾಯಿ ಅವಳಿಗೆ ಕೈ ಮುಗಿದರು.

"ನಿನ್ನ ಸಿಗಸಬೇಕಂತ ಮಾಡಲಿಲ್ಲವ್ವ, ತಪ್ಪಾತು. ನಾ ಕೊಟ್ಟಿದ್ರೂ ಕುಡೀತಿದ್ರು. ಆದ್ರ ಅವ್ರು ಕುಸುಮನ ಕೈಲೆ ಕುಡೀಬೇಕಿತ್ತು."