ಕೆಂಪೇರ್ ತಂತಿ ಕಚೇರಿಯ ಲೆಕ್ಕ

"ಈ ಹಾಳೆ ಮೇಲೆ ಗೀಚಿದ್ದು ಯಾರು?"

ಪ್ಯಾರಿಸ್ಸಿನಿಂದ ಬಂದ ಎಂಜಿನಿಯರ್ ಕೇಳಿದಾಗ ಕಚೇರಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ನಾನು ಎತ್ತಿದೆ.

"ಮೊದಲು ಕೂಡೋದ್ರಲ್ಲಿ ತಪ್ಪಿದ್ದು ಯಾರು ಅಂತ ಹೇಳಿ ಸಾಹೇಬ್ರೇ. ಗೀಚಿದ್ದು ಯಾರು ಅಂತ ಆಮೇಲೆ ನಾನು ಹೇಳ್ತೀನಿ."

ಅವನು ಹಾಳೆ ನೋಡಿದ, ನನ್ನನ್ನು ನೋಡಿದ, ಮತ್ತೆ ಹಾಳೆ ನೋಡಿದ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ.

"ಏಳನೇ ಸಾಲು," ಎಂದ ಮೆಲ್ಲಗೆ.

"ಏಳು, ಮತ್ತೆ ಹನ್ನೊಂದು."

ಅದು 1887ರ ಮಾರ್ಚ್ ತಿಂಗಳು. ನನ್ನ ಹೆಸರು ಆರ್ಮೆಲ್ ಕೆರ್ವೆಲ್ಲಾ. ಆರು ವರ್ಷದಿಂದ ಕೆಂಪೇರ್ ಊರಿನ ಆ ಕಚೇರಿಯಲ್ಲಿ ತಂತಿ ಕಳಿಸುವ, ಬಂದ ತಂತಿ ಬರೆದುಕೊಳ್ಳುವ ಹುಡುಗಿ ನಾನು. ಅವನ ಹೆಸರು ಎಮೆರಿಕ್ ಬೊವಿಲ್. ಕಡಲ ಗಾಳಿಗೆ ನಮ್ಮ ತಂತಿಗಳು ಹಾಳಾಗಿ ಸುದ್ದಿಗಳು ಅರ್ಧಂಬರ್ಧ ಬರುತ್ತಿದ್ದವು. ನಮ್ಮ ಯಂತ್ರಕ್ಕೆ ಎಂಥ ತಾಮ್ರದ ಸುರುಳಿ ಹಾಕಿದರೆ ಸರಿಹೋದೀತು ಎಂದು ಲೆಕ್ಕ ಹಾಕಲು ಇಲಾಖೆ ಅವನನ್ನು ಎರಡು ವಾರಕ್ಕೆಂದು ಕಳಿಸಿತ್ತು.

ಐದು ಊರಿನ ಬ್ಯಾಟರಿಗಳು, ಹನ್ನೆರಡು ಕವಲು, ಕವಲು ಕವಲಿನಲ್ಲೂ ಕರೆಂಟನ್ನು ತಡೆಯುವ ರೋಧ, ಎಲ್ಲೆಲ್ಲೋ ಸೋರುವ ಕರೆಂಟು. ಒಂದು ಸುರುಳಿಗೆ ನಾಲ್ಕು ಪುಟ ಲೆಕ್ಕ. ಸುರುಳಿ ಬದಲಾದರೆ ಮತ್ತೆ ನಾಲ್ಕು ಪುಟ. ಮೂರು ದಿನ ಅವನು ಕೂದಲು ಕಿತ್ತುಕೊಳ್ಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಆ ಕಡೆ ಎಷ್ಟು ತಂತಿ ಇದೆ ಅಂತ ಈ ಸುರುಳಿಗೆ ಏನು ಗೊತ್ತು? ಅದಕ್ಕೆ ಗೊತ್ತಿರೋದು ಈ ಎರಡು ತುದಿ ಮಾತ್ರ," ಎಂದೆ. "ಒಂದೇ ಬ್ಯಾಟರಿ, ಒಂದೇ ರೋಧ ಅಂದ್ಕೊಂಡ್ರೆ ಆಗಲ್ವಾ?"

ಸುರುಳಿ ಬಿಚ್ಚಿ ತುದಿಗಳನ್ನು ಖಾಲಿ ಬಿಟ್ಟು ಅಳೆದೆವು: ಹನ್ನೆರಡು ವೋಲ್ಟ್. ಎರಡನ್ನೂ ನೇರ ಕೂಡಿಸಿ ಹರಿಯುವ ಕರೆಂಟು ಅಳೆದೆವು: ಒಂದು ಆಂಪಿಯರಿನ ಐವತ್ತರಲ್ಲೊಂದು ಪಾಲು. ಭಾಗಿಸಿದರೆ ಆರುನೂರು ಓಮ್ ರೋಧ. ಆ ಕಡೆಯ ಗೋಜಲೆಲ್ಲ ಅಷ್ಟೇ. ಇನ್ನು ಯಾವ ಸುರುಳಿ ಇಟ್ಟರೂ ಅದರ ರೋಧವನ್ನು ಆರುನೂರಕ್ಕೆ ಕೂಡಿ, ಆ ಮೊತ್ತದಿಂದ ಹನ್ನೆರಡನ್ನು ಭಾಗಿಸಿದರೆ ಸುರುಳಿಯಲ್ಲಿ ಹರಿಯುವ ಕರೆಂಟು ಸಿಗುತ್ತಿತ್ತು. ಅವನ ನಾಲ್ಕು ಪುಟಕ್ಕೆ ಹೋಲಿಸಿ ನೋಡಿದ. ಅದೇ ಉತ್ತರ.

ಅವನು ನಗಲಿಲ್ಲ. ಪೆನ್ಸಿಲ್ ಕೆಳಗಿಟ್ಟು ನನ್ನನ್ನು ನೋಡುತ್ತಾ ಕುಳಿತ. ಹಾಗೆ ಯಾರೂ ನನ್ನನ್ನು ನೋಡಿರಲಿಲ್ಲ.

ಎರಡು ವಾರ ಎರಡು ತಿಂಗಳಾಯಿತು. ಮಧ್ಯಾಹ್ನ ನಮ್ಮೂರಿನ ಓದೆ ಎಂಬ ನದಿಯ ದಂಡೆಯಲ್ಲಿ ಕೂತು ಬೆಣ್ಣೆ ಸವರಿದ ಕಪ್ಪು ಹಿಟ್ಟಿನ ದೋಸೆ ತಿನ್ನುತ್ತಿದ್ದೆವು. ಅವನ ಮೀಸೆಗೆ ಬೆಣ್ಣೆ ಮೆತ್ತಿದ್ದರೂ ನಾನು ಹೇಳುತ್ತಿರಲಿಲ್ಲ. ಅವನಿಗೂ ಗೊತ್ತಿತ್ತು, ನನ್ನ ಕಣ್ಣು ಅಲ್ಲೇ ಇರಲಿ ಎಂದು ಒರೆಸಿಕೊಳ್ಳುತ್ತಿರಲಿಲ್ಲ. ಮೇ ಕೊನೆಯಲ್ಲಿ ಮದುವೆಯಾಗುತ್ತೀಯಾ ಎಂದು ಕೇಳಿದ. ಹೂಂ ಎಂದೆ.

ವರದಿ ಬರೆಯಲು ಪ್ಯಾರಿಸ್ಸಿಗೆ ಹೋದ. ಆಗಸ್ಟಿನಲ್ಲಿ ಅದು ಇಲಾಖೆಯ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಮೇಲಧಿಕಾರಿ ಹೆಮ್ಮೆಯಿಂದ ಗಟ್ಟಿಯಾಗಿ ಓದಿದರು. ಎರಡು ಅಳತೆ, ಒಂದು ಬ್ಯಾಟರಿ, ಒಂದು ರೋಧ, ಎಲ್ಲವೂ ಇತ್ತು. "ನನ್ನ ವಿಧಾನ" ಎಂದಿತ್ತು. ನನ್ನ ಹೆಸರಿರಲಿಲ್ಲ.

ಪತ್ರಿಕೆಯ ಕಚೇರಿಯವರು ಹೊಡೆದುಹಾಕಿರಬೇಕು ಎಂದುಕೊಂಡೆ. ಭಾನುವಾರ ಅವನು ಉಂಗುರ ತಂದಾಗ ಅದನ್ನೇ ಕೇಳಿದೆ. ಸುಳ್ಳು ಹೇಳಬಹುದಿತ್ತು, ನಂಬುತ್ತಿದ್ದೆ.

"ನಾನೇ ತೆಗೆದೆ, ಆರ್ಮೆಲ್. ಮೊದಲು ಬರೆದಿದ್ದೆ. ಹೆಂಗಸಿನ ಹೆಸರು ನೋಡಿದ್ರೆ ಓದೋದೇ ಇಲ್ಲ ಅಂತ ಹೆದರಿಕೆ ಆಯ್ತು." ಉಂಗುರ ಮುಂದೆ ಹಿಡಿದು ಸೇರಿಸಿದ: "ನಾಳೆ ನೀನೂ ಬೊವಿಲ್ ಆಗ್ತೀಯಲ್ಲ. ಆ ಹೆಸರು ನಿಂದೂ ತಾನೇ?"

ಮೊದಲ ಮಾತನ್ನು ಕ್ಷಮಿಸಿದ್ದೆ. ಎರಡನೆಯದು ಎದೆಯಲ್ಲಿ ನಾಟಿತು.

"ಉಂಗುರ ತಗೊಂಡು ಹೋಗಿ," ಎಂದೆ. ತಿದ್ದಿ ಬರೆದರೆ ಒಪ್ಪುತ್ತೀಯಾ ಎಂದು ಕೇಳಿದ. ನಿಜ ಅನ್ನಿಸಿದರೆ ಬರೆಯಿರಿ, ನನ್ನನ್ನು ಪಡೆಯಲು ಬೇಡ ಎಂದೆ. ಅವನು ರೈಲು ಹತ್ತುವವರೆಗೂ ನಾನು ಅಳಲಿಲ್ಲ.

ಮಾರನೇ ವರ್ಷದ ಏಪ್ರಿಲ್‌ನಲ್ಲಿ ಪತ್ರಿಕೆಯ ಕೊನೆಯ ಪುಟದಲ್ಲಿ ಎರಡು ಸಾಲು ಬಂತು. ಆ ವಿಧಾನ ಕೆಂಪೇರಿನ ಕುಮಾರಿ ಆರ್ಮೆಲ್ ಕೆರ್ವೆಲ್ಲಾ ಅವರದು, ಅದನ್ನು ಮುಚ್ಚಿಟ್ಟ ತಪ್ಪು ತನ್ನದು ಎಂದು ಅವನೇ ಬರೆದಿದ್ದ. ಅವನು ಆ ಸಾಲು ಬರೆದುಕೊಟ್ಟಾಗಲೇ ಮೇಲಿನವರು ಮುಜುಗರಪಟ್ಟು ಅವನನ್ನು ಕಡಲಾಚೆಯ ಸೈಗಾನಿಗೆ ವರ್ಗ ಮಾಡಿದ್ದಾರೆ, ಹಡಗು ಹೊರಟು ಎರಡು ತಿಂಗಳಾಯಿತು ಎಂದು ಮೇಲಧಿಕಾರಿ ತಿಳಿಸಿದರು. ನನಗೆ ಅವನು ಒಂದು ಕಾಗದವನ್ನೂ ಬರೆದಿರಲಿಲ್ಲ. ಬೇಡ ಎಂದದ್ದು ನಾನೇ ತಾನೇ.

ಕಾಗದ ಮುಟ್ಟಲು ತಿಂಗಳು ಬೇಕು. ನಾನು ನನ್ನ ಮೇಜಿನ ಮುಂದೆ ಕೂತು ಸೈಗಾನಿಗೆ ಎರಡೇ ಪದದ ತಂತಿ ತಟ್ಟಿದೆ: ಎಮೆರಿಕ್, ಬಾ. ಅದುವರೆಗೂ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಯಂತ್ರ ಸದ್ದು ಮಾಡಿತು. ಪ್ಯಾರಿಸ್ಸಿನಿಂದ ಸುದ್ದಿ ದಾಟಿಸುತ್ತಿದ್ದವನು ಯಾರೋ, ಅವನಿಗೆ ಈ ಕಡೆ ಯಾರಿದ್ದಾರೆಂದು ಗೊತ್ತಿಲ್ಲ. ಒಂದೊಂದೇ ಅಕ್ಷರ ಬರೆದುಕೊಂಡೆ. ಸೈಗಾನ್ ಆಸ್ಪತ್ರೆ. ಬೊವಿಲ್ ಜ್ವರದಿಂದ ಮಂಗಳವಾರ ತೀರಿಕೊಂಡರು. ತಂತಿ ಅವರಿಗೆ ಓದಿ ಹೇಳಲಾಗಿತ್ತು.

ಬರೆಯುವ ಕೈ ನಿಲ್ಲಲಿಲ್ಲ; ಅದಕ್ಕೆ ಏಳು ವರ್ಷದ ಅಭ್ಯಾಸ. ಆ ತುದಿಯವನು ಮುಟ್ಟಿತೇ ಎಂದು ಕೇಳಿದ. ಕಾದ. ಮತ್ತೆ ಕೇಳಿದ.

ಮುಟ್ಟಿತು, ಎಂದು ತಟ್ಟಿದೆ.