ಪೇಸರ್ ಗೆರೆ ದಾಟುವುದಿಲ್ಲ

"ಏನ್ರೀ, ಮೂರು ದಿನದಿಂದ ನೋಡ್ತಾ ಇದೀನಿ. ನನ್ನ ಹಿಂದೆ ಯಾಕೆ ಬರ್ತಿದೀರಾ?"

ಕೆರೆ ಸುತ್ತಿನ ದಾರಿಯಲ್ಲಿ ಓಡುತ್ತಿದ್ದ ನಾನು ತಟ್ಟನೆ ನಿಂತು ತಿರುಗಿದ್ದೆ. ಹಿಂದಿನವನು ನನಗೆ ಡಿಕ್ಕಿ ಹೊಡೆಯುವುದು ಒಂದು ಗೇಣಿನಲ್ಲಿ ತಪ್ಪಿತು. ಬೆಳಗಿನ ಆರು ಗಂಟೆ. ವಾಕಿಂಗ್ ಬಂದವರೆಲ್ಲ ಕತ್ತು ತಿರುಗಿಸಿದರು. ತಿರುಗಿಸಲಿ ಎಂದೇ ಅಷ್ಟು ಜೋರಾಗಿ ಕೇಳಿದ್ದೆ.

"ನಿಮ್ಮ ಹಿಂದೆ ಅಲ್ಲ ರೀ, ನಿಮ್ಮ ಕಾಲಿನ ಹಿಂದೆ..." ಎಂದವನು ನಾಲಿಗೆ ಕಚ್ಚಿಕೊಂಡ. ಕಿವಿಯವರೆಗೂ ಕೆಂಪಾದ. "ಅಯ್ಯೋ, ಹಾಗಲ್ಲ. ನಾನು ಲಿಫ್ಟ್ ಮೆಕ್ಯಾನಿಕ್. ಕರೆಂಟಿನ ಕೆಲಸ, ಕೈಗೆ ಗಡಿಯಾರ ಕಟ್ಟಿ ಅಭ್ಯಾಸ ಇಲ್ಲ. ನಿಮ್ಮ ಹೆಜ್ಜೆ ಒಂದೇ ಸಮ ಬೀಳುತ್ತೆ. ಕಿಲೋಮೀಟರಿಗೆ ಆರು ನಿಮಿಷ ಅಂದ್ರೆ ಆರೇ ನಿಮಿಷ. ನಿಮ್ಮ ಹಿಂದೆ ಬಂದ್ರೆ ಗಡಿಯಾರ ನೋಡೋದು ತಪ್ಪುತ್ತೆ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಮದುವೆಯನ್ನು ಅದರ ಬಾಯಿಗೇ ಹಾಕಿ ಬಂದವಳು ನಾನು. ಆದರೆ ಆ ದಿನ ಬೈಯಲು ತೆರೆದ ಬಾಯಿ ನಕ್ಕುಬಿಟ್ಟಿತು.

"ಹಾಗಾದ್ರೆ ಹಿಂದೆ ಯಾಕೆ? ಪಕ್ಕಕ್ಕೇ ಬನ್ನಿ," ಎಂದೆ.

ಪಕ್ಕಕ್ಕೆ ಬಂದ. ಆ ಬೆಳಿಗ್ಗೆಯಿಂದ ಹತ್ತು ತಿಂಗಳು ಪಕ್ಕದಲ್ಲೇ ಓಡಿದ.

ಇಬ್ಬರೂ ಓಡುತ್ತಿದ್ದುದು ಒಂದೇ ಓಟಕ್ಕಾಗಿ. ದೊಡ್ಡಾಸ್ಪತ್ರೆಯ ಕಿಡ್ನಿ ವಾರ್ಡಿನ ಸಹಾಯಕ್ಕೆಂದು ವರ್ಷಕ್ಕೊಮ್ಮೆ ನಡೆಯುವ ನಲವತ್ತೆರಡು ಕಿಲೋಮೀಟರಿನ ಮ್ಯಾರಥಾನ್ ಅದು. ಯಾರ ನೆನಪಿಗೆ ಓಡುತ್ತೇವೆಂದು ಒಂದು ಬಟ್ಟೆಯ ತುಂಡಿನಲ್ಲಿ ಬರೆದು ಬೆನ್ನಿಗೆ ಪಿನ್ ಮಾಡಿಕೊಳ್ಳುವುದು ಅಲ್ಲಿಯ ರೂಢಿ. ನನ್ನ ಬೆನ್ನ ಮೇಲೆ 'ಅಪ್ಪನಿಗೆ'. ಅವನ ಬೆನ್ನ ಮೇಲೆ ಮಗಳ ದುಂಡು ಅಕ್ಷರದಲ್ಲಿ 'ಅಮ್ಮನಿಗೆ'. ಕೊನೆಯ ನೂರು ಮೀಟರಿನಲ್ಲಿ ಮನೆಯವರು ಹಗ್ಗ ದಾಟಿ ಒಳಗೆ ಬರಬಹುದು, ಕೈ ಕೈ ಹಿಡಿದು ಮುಕ್ತಾಯದ ಗೆರೆ ದಾಟಬಹುದು. ನಾಲ್ಕು ವರ್ಷದಿಂದ ಅವನು ಮಗಳ ಕೈ ಹಿಡಿದೇ ದಾಟುತ್ತಿದ್ದ. ನಾನು ಒಬ್ಬಳೇ ದಾಟಿ, ಒಬ್ಬಳೇ ಬಾಳೆಹಣ್ಣು ತಿಂದು ಮನೆಗೆ ಹೋಗುತ್ತಿದ್ದೆ.

ಮಗಳೆಂದರೆ ಅವನಿಗೆ ಪ್ರಾಣ. ಪುಟ್ಟಿ ಗಣಿತದಲ್ಲಿ ಫಸ್ಟು, ಪುಟ್ಟಿ ಬರೆದ ಚಿತ್ರ ಸ್ಕೂಲಿನ ಗೋಡೆಗೆ ಹಾಕಿದ್ದಾರೆ, ಪುಟ್ಟಿ ಈಜು ಕಲಿತಳು. ಎಂಟನೇ ಕಿಲೋಮೀಟರಿನಲ್ಲಿ ಏದುಸಿರು ಬಿಡುತ್ತಲೂ ಅದೇ ಪುರಾಣ. ಏಳೂಕಾಲಿಗೆ ಸರಿಯಾಗಿ ಓಟ ನಿಲ್ಲಿಸುತ್ತಿದ್ದ. ಜಡೆ ಹಾಕಬೇಕು, ಡಬ್ಬಿ ಕಟ್ಟಬೇಕು, ಸ್ಕೂಲಿಗೆ ಬಿಟ್ಟು ಕೆಲಸಕ್ಕೆ ಹೋಗಬೇಕು. ಮನೆಯಲ್ಲಿ ಸತ್ತ ಹೆಂಡತಿಯ ತಾಯಿ ಇದ್ದರು. "ಅತ್ತೆಗೆ ಜಡೆ ಹಾಕಕ್ಕೆ ಬರಲ್ವಾ?" ಎಂದರೆ, "ಬರುತ್ತೆ. ಪುಟ್ಟಿಗೆ ನಾನು ಹಾಕೋ ಸೊಟ್ಟ ಜಡೇನೇ ಇಷ್ಟ," ಎನ್ನುವನು.

ನನ್ನ ಕೆಲಸ ಹಲ್ಲಿನದು. ಡಾಕ್ಟರಲ್ಲ. ಡೆಂಟಿಸ್ಟುಗಳು ಕಳಿಸುವ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು, ಕ್ಯಾಪು ಮಾಡುವ ಲ್ಯಾಬಿನಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ಮೂರನೇ ಮಹಡಿ. ಆ ಕಟ್ಟಡದ ಲಿಫ್ಟಿಗೆ ಇದ್ದಕ್ಕಿದ್ದಂತೆ ವಾರಕ್ಕೊಮ್ಮೆ ತಪಾಸಣೆ ಶುರುವಾಯಿತು.

"ಲಿಫ್ಟಿಗೆ ಏನೂ ಆಗಿಲ್ಲ, ಸುಮ್ನೆ ನೋಡಕ್ಕೆ ಬಂದೆ," ಎಂದು ಬಾಗಿಲಲ್ಲಿ ನಿಲ್ಲುವನು.

"ಲಿಫ್ಟ್ ನೋಡಕ್ಕಾ?"

"ಅದನ್ನೂ."

ಲ್ಯಾಬಿನವರು ಅವನನ್ನು ಲಿಫ್ಟಣ್ಣ ಎಂದು ಕರೆಯತೊಡಗಿದರು. ಒಂದು ಬೆಳಿಗ್ಗೆ ಕೆರೆಯ ಹತ್ತಿರ ನಾನೂ ಕೀಟಲೆಗೆ, "ಏನ್ ಲಿಫ್ಟಣ್ಣ, ಇವತ್ತು ಕಾಲು ಎಳೀತಿದೀರಲ್ಲ?" ಎಂದೆ. ಅವನು ದಾರಿಯ ಮಧ್ಯೆ ನಿಂತುಬಿಟ್ಟ.

"ಊರಿಗೆಲ್ಲ ಬೇಕಾದ್ರೆ ಅಣ್ಣ ಆಗ್ತೀನಿ. ನಿನಗೆ ಮಾತ್ರ ಆಗಲ್ಲ."

ಮೊದಲ ಸಲ 'ನೀನು' ಎಂದಿದ್ದ. ನಾನು ಶೂ ಲೇಸು ಸರಿಯಾಗಿಯೇ ಇದ್ದರೂ ಬಗ್ಗಿ ಬಿಚ್ಚಿ ಮತ್ತೆ ಕಟ್ಟಿದೆ. ತಲೆ ಎತ್ತಿದಾಗ ಅವನು ಹಾಗೇ ನೋಡುತ್ತಿದ್ದ. ಮೂವತ್ತಾರು ವರ್ಷದ ನಾನು ಕಟ್ಟಿದ ಲೇಸನ್ನೇ ಮತ್ತೊಮ್ಮೆ ಬಿಚ್ಚಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ಸುಖ ನನಗೆ ಯಾವತ್ತೂ ಆಗಿರಲಿಲ್ಲ.

ಆದರೆ ನಮ್ಮ ಪ್ರೀತಿಗಿದ್ದದ್ದು ಐದೂಮುಕ್ಕಾಲಿನಿಂದ ಏಳೂಕಾಲಿನವರೆಗಿನ ಜಾಗ. ಅದರಾಚೆ ಅವನು ಅಪ್ಪ.

ಒಂದು ಶನಿವಾರ ಪುಸ್ತಕದ ಅಂಗಡಿಯ ಮುಂದೆ ಅವನ ಕೈ ಹಿಡಿದು ನಿಂತಿದ್ದೆ. ರಸ್ತೆಯಾಚೆ ಅವನ ಅತ್ತೆಯ ಜೊತೆ ಪುಟ್ಟಿ ಕಂಡಳು. ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಅವನು ಕೈ ಬಿಟ್ಟ. ಪುಟ್ಟಿ ಓಡಿ ಬಂದು, "ಇವರ್ಯಾರಪ್ಪ?" ಎಂದಳು.

"ಇವರಾ? ನನ್ನ ಪೇಸರ್ ಕಣೆ. ಪೇಸರ್ ಅಂದ್ರೆ ಒಂದೇ ಸ್ಪೀಡಲ್ಲಿ ಓಡಿ ನಮ್ಮನ್ನ ಟೈಮಿಗೆ ಸರಿಯಾಗಿ ಮುಟ್ಟಿಸ್ತಾರಲ್ಲ, ಅವರು."

"ಹಲೋ ಪೇಸರ್ ಆಂಟಿ," ಎಂದಳು ಹುಡುಗಿ, ಕಣ್ಣರಳಿಸಿ.

ನಾನು ಹಲ್ಲು ಕಿರಿದೆ. ಮರುದಿನ ಕೆರೆ ದಾರಿಯಲ್ಲಿ ಅವನ ಗ್ರಹಚಾರ ಬಿಡಿಸಿದೆ.

"ಹತ್ತು ತಿಂಗಳಾಯ್ತು. ನಾನೇನು ಕದ್ದ ಮಾಲಾ? ಈ ಸಲದ ಓಟಕ್ಕೆ ಮುಂಚೆ ಅವಳಿಗೆ ಹೇಳ್ತೀಯೋ ಇಲ್ವೋ?"

"ಹೇಳ್ತೀನಿ. ಅವಳ ಕಣ್ಣಲ್ಲಿ ನಾನು ಅವಳಮ್ಮನಿಗೋಸ್ಕರ ಓಡೋ ಹೀರೋ ಕಣೆ. ಆ ಕಣ್ಣು ನೋಡ್ಕೊಂಡು ಹೇಳೋದು ಸುಲಭ ಅಲ್ಲ." ಸ್ವಲ್ಪ ದೂರ ಓಡಿ ಮತ್ತೆ ಹೇಳಿದ, "ಓಟದ ದಿನ ಮೂವರೂ ಕೈ ಹಿಡಿದು ಗೆರೆ ದಾಟೋಣ. ಮಾತು ಕೊಟ್ಟೆ."

ಆ ಮಾತನ್ನು ನಾನು ಹಗಲೆಲ್ಲ ಮೆಲುಕು ಹಾಕಿದೆ. ಮೇಣದಲ್ಲಿ ಯಾರದೋ ದವಡೆ ಹಲ್ಲು ಕೆತ್ತುವಾಗಲೂ ನನ್ನ ಎಡಗೈಯಲ್ಲಿ ಒಂದು ಪುಟ್ಟ ಕೈ ಇದ್ದ ಹಾಗೆ ಅನ್ನಿಸುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ. ಆ ನೂರು ಮೀಟರ್.

ಓಟದ ದಿನ ಬಂತು. "ಪುಟ್ಟಿಗೆ ಹೇಳ್ದ್ಯಾ?" ಎಂದೆ, ಬಟ್ಟೆಗೆ ಪಿನ್ ಹಾಕುತ್ತಾ. "ಓಡು, ಓಡು, ಆಮೇಲೆ ನೋಡೋಣ," ಎಂದು ನಕ್ಕ. ನನ್ನ ಕಾಲು ಅದರ ಪಾಡಿಗೆ ಆರಾರು ನಿಮಿಷ ಎಣಿಸಿತು.

ಮೂವತ್ತು ಕಿಲೋಮೀಟರ್ ಮುಗಿಯುವಲ್ಲಿ ದಾರಿ ಮೈದಾನದ ಪಕ್ಕದಲ್ಲೇ ಹಾಯ್ದು ಕೊನೆಯ ಸುತ್ತಿಗೆ ಹೋಗುತ್ತದೆ. ಅಲ್ಲಿ ನೀರಿನ ಮೇಜು. ಪುಟ್ಟಿ ಲೋಟ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅಜ್ಜಿ, ಕಂಕುಳಲ್ಲಿ ಒಂದು ಸುತ್ತಿದ ಬಟ್ಟೆ. ಅವನು ನೀರು ಕುಡಿದು ನಾಲ್ಕು ಹೆಜ್ಜೆ ಮುಂದೆ ಹೋದ. ನಾನು ಲೋಟ ತೆಗೆದುಕೊಂಡೆ.

"ಕೊನೇಲಿ ಕಾಯ್ತಾ ಇರ್ತೀಯಾ ಪುಟ್ಟಿ?"

ಹುಡುಗಿ ಅಜ್ಜಿಯ ಮುಖ ನೋಡಿದಳು. ತುಟಿ ಕಚ್ಚಿ ಹಿಡಿದುಕೊಂಡಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಹೇಳಿದಳು, "ಅಪ್ಪಂಗೋಸ್ಕರ ಕಾಯ್ತೀನಿ. ಪೇಸರ್‌ಗಳು ಗೆರೆ ದಾಟಲ್ವಂತೆ ಆಂಟಿ. ಮುಂಚೇನೇ ಪಕ್ಕಕ್ಕೆ ಸರೀಬೇಕಂತೆ."

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ನನ್ನ ಮೈಯೆಲ್ಲ ಉರಿದುಹೋಯಿತು. ಓಹೋ. ಹೇಳಿಕೊಟ್ಟಿದ್ದಾನೆ. ನನ್ನನ್ನು ಎಲ್ಲಿ ಸರಿಸಬೇಕು ಎಂಬುದನ್ನು ಮಗುವಿನ ಬಾಯಲ್ಲಿ ಹೇಳಿಸಿದ್ದಾನೆ. ಮನೆಯವರೆಲ್ಲ ಸೇರಿ ನಗುವ ಹಾಗೆ.

ಅವನನ್ನು ಸೇರಿಕೊಂಡೆ. ಅವನು ಎಂದಿನಂತೆ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿದ. ಕೈಯಲ್ಲಿ ಗಡಿಯಾರವಿಲ್ಲ. ಅವನ ಗಡಿಯಾರ ನಾನು.

ನಾನು ವೇಗ ಹೆಚ್ಚಿಸಿದೆ.

ಸ್ವಲ್ಪವೇ. ಮೊದಲ ಕಿಲೋಮೀಟರಿಗೆ ಹತ್ತು ಸೆಕೆಂಡು ಕಡಿಮೆ. ಆಮೇಲೆ ಇಪ್ಪತ್ತು. ಮೂವತ್ತಾರನೇ ಕಿಲೋಮೀಟರಿನ ಹೊತ್ತಿಗೆ ಐದೂವರೆ ನಿಮಿಷಕ್ಕೆ ತಂದಿದ್ದೆ. ಮೂವತ್ತು ಕಿಲೋಮೀಟರ್ ಓಡಿದ ದೇಹ ಇದನ್ನು ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಬೀಳಲಿ. ಆ ಹೀರೋ ಮಗಳ ಕಣ್ಣೆದುರೇ ಮಣ್ಣು ಮುಕ್ಕಲಿ. ಅವನ ಉಸಿರು ಗರಗರ ಎನ್ನತೊಡಗಿತು. ಒಮ್ಮೆ ನನ್ನ ಮುಖ ನೋಡಿದ. ನಾನು ನೋಡಲಿಲ್ಲ. ಅವನು ಹಿಂದೆ ಬೀಳಲೂ ಇಲ್ಲ.

ಗೆರೆಗೆ ಇನ್ನೂರು ಮೀಟರ್ ಇರುವಾಗ ಅವನ ಕಾಲು ಕಟ್ಟಿಗೆಯಾಯಿತು. ಮಂಡಿಯೂರಿದ. ವಾಂತಿ ಮಾಡಿಕೊಂಡ. ನಾನು ನಿಂತು ನೋಡಿದೆ. ದೇವರಾಣೆ, ಆ ಒಂದು ಕ್ಷಣ ನನಗೆ ತಣ್ಣಗಾಯಿತು.

"ಅಪ್ಪಾ!"

ಪುಟ್ಟಿ ಹಗ್ಗದ ಕೆಳಗೆ ನುಸುಳಿ ಓಡಿ ಬಂದಳು. ಕೈಯಲ್ಲಿದ್ದ ಬಟ್ಟೆಯ ಸುರುಳಿ ಬಿಚ್ಚಿಕೊಂಡು ಕಾಲಿಗೆ ತೊಡರಿತು. ಮುಖ ಅಡಿಯಾಗಿ ಟಾರಿನ ಮೇಲೆ ಬಿದ್ದಳು. ಎದ್ದಾಗ ಬಾಯಿ ತುಂಬ ರಕ್ತ. ಮುಂದಿನ ಒಂದು ಹಲ್ಲು ಅರ್ಧಕ್ಕೆ ಮುರಿದಿತ್ತು. ಅಳಲಿಲ್ಲ ಅವಳು. ಅಪ್ಪನ ಹತ್ತಿರ ಹೋಗಿ ತನ್ನ ಪುಟ್ಟ ಹೆಗಲು ಕೊಟ್ಟಳು.

ಬಟ್ಟೆ ನನ್ನ ಕಾಲ ಬಳಿ ಬಿದ್ದಿತ್ತು. ಅದರಲ್ಲಿ ಬಣ್ಣದಲ್ಲಿ ಬರೆದ ಮೂರು ಗೊಂಬೆಗಳು, ಕೈ ಕೈ ಹಿಡಿದಿದ್ದವು. ನಡುವಿನ ಚಿಕ್ಕದಕ್ಕೆ ಸೊಟ್ಟ ಜಡೆ. ಎಡಗಡೆಯದರ ಕೆಳಗೆ 'ಅಪ್ಪ'. ಬಲಗಡೆಯದರ ಕೆಳಗೆ 'ನಮ್ಮ ಪೇಸರ್ ಆಂಟಿ'. ಮೇಲೆ ದುಂಡು ಅಕ್ಷರದಲ್ಲಿ 'ಸರ್‌ಪ್ರೈಸ್!'

ಅಪ್ಪ ಮಗಳು ಕುಂಟುತ್ತಾ ಗೆರೆ ದಾಟಿದರು. ನಾನು ದಾಟಲಿಲ್ಲ. ಬಟ್ಟೆಯ ಮೇಲೆ ಯಾರ‍್ಯಾರೋ ಕಾಲಿಟ್ಟುಕೊಂಡು ಓಡುತ್ತಿದ್ದರು. ಅದನ್ನು ಎತ್ತಿ, ಮಡಚಿ, ಅಜ್ಜಿಯ ಕೈಗೆ ಕೊಟ್ಟು ಮನೆಗೆ ಬಂದೆ.

ಒಂಬತ್ತು ದಿನ ಫೋನಿಲ್ಲ. ನಾನೂ ಮಾಡಲಿಲ್ಲ. ಮಾಡಿ ಏನೆನ್ನಲಿ? ಹತ್ತನೇ ದಿನ ಮಧ್ಯಾಹ್ನ ಲಿಫ್ಟಿನ ಬಾಗಿಲು ತೆರೆಯಿತು. ಅವನು, ಜೊತೆಗೆ ಪುಟ್ಟಿ. ಕೈಯಲ್ಲಿ ಡೆಂಟಿಸ್ಟರ ಚೀಟಿ: ಮೇಲಿನ ಮುಂದಿನ ಹಲ್ಲು, ಓಡುವಾಗ ಬಿದ್ದದ್ದು, ಕ್ಯಾಪಿಗೆ ಬಣ್ಣ ಹೊಂದಿಸಿ.

"ಬೇರೆ ಲ್ಯಾಬಿಗೆ ಕಳಿಸಿ ಅಂದೆ," ಎಂದ ಮೆಲ್ಲಗೆ. "ಬಣ್ಣ ಹೊಂದಿಸೋದ್ರಲ್ಲಿ ನಿನ್ನ ಬಿಟ್ರೆ ಇಲ್ವಂತೆ."

ಪುಟ್ಟಿ ಕಪಾಟಿನ ಮುಂದೆ ನಿಂತು ಹಲ್ಲಿನ ಸೆಟ್ಟುಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನಾನು ಅವನನ್ನು ಕಿಟಕಿಯ ಹತ್ತಿರ ಕರೆದೆ.

"ನಿನಗೆ ಗೊತ್ತಾಗಿತ್ತಾ? ನಾನು ಜೋರು ಮಾಡಿದ್ದು?"

"ಮೂವತ್ತೆರಡನೇ ಕಿಲೋಮೀಟರಿಗೇ ಗೊತ್ತಾಯ್ತು. ಹತ್ತು ತಿಂಗಳು ಕೇಳಿದ ಹೆಜ್ಜೆ ಅಲ್ವಾ ಅದು?"

"ಮತ್ಯಾಕೆ ಬಂದೆ? ನಿಲ್ಲಬಹುದಿತ್ತಲ್ಲ!"

"ಏನೋ ಕಾರಣ ಇರುತ್ತೆ ಅಂದ್ಕೊಂಡೆ. ನೀನಲ್ವಾ."

ನನಗೆ ಅಳು ಒತ್ತರಿಸಿ ಬಂತು. ಪುಟ್ಟಿ ಆಡಿದ ಮಾತು, ನನ್ನ ತಪ್ಪು ತಿಳಿವಳಿಕೆ ಎಲ್ಲ ಹೇಳಿದೆ. ಕ್ಷಮಿಸು ಎಂದೆ. ಪ್ರೀತಿಸ್ತೀನಿ ಕಣೋ ಎಂದೂ ಹೇಳಿದೆ, ಅಷ್ಟು ದಿನ ಬಾಯಿಬಿಟ್ಟು ಹೇಳದವಳು.

ಅವನು ನನ್ನ ಬೆರಳ ತುದಿಯನ್ನು ಒಂದು ಗಳಿಗೆ ಹಿಡಿದುಕೊಂಡ. "ನಾನೂ. ನಿನ್ನ ಮೇಲೆ ಕೋಪಾನೂ ಬರ್ತಿಲ್ಲ, ಅದೇ ನನ್ನ ಕಷ್ಟ. ಆ ಸಿಟ್ಟಲ್ಲೇ ಹನ್ನೆರಡು ಕಿಲೋಮೀಟರ್ ಓಡಿದೆ ನೀನು. ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ." ಮಗಳ ಕಡೆ ನೋಡಿದ. "ನಾಳೆ ಇನ್ಯಾವತ್ತೋ ನಿನಗೆ ಸಿಟ್ಟು ಬಂದಾಗ, ಪಕ್ಕದಲ್ಲಿ ಇರೋದು ಅವಳಾದ್ರೆ?"

ಅವನು ಬೆರಳು ಬಿಟ್ಟಾಗ ನೋಡಿದೆ. ಮಣಿಕಟ್ಟಿನಲ್ಲಿ ಪ್ಲಾಸ್ಟಿಕ್ಕಿನ ಒಂದು ಹೊಸ ಗಡಿಯಾರವಿತ್ತು.

ಪುಟ್ಟಿಯನ್ನು ಬೆಳಕಿಗೆ ಕೂರಿಸಿ, ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಅವಳ ಹಲ್ಲಿನ ಪಕ್ಕಕ್ಕೆ ಹಿಡಿದೆ.

"ಗೊತ್ತಾ ಆಂಟಿ, ಅಪ್ಪ ವಾಂತಿ ಮಾಡ್ಕೊಂಡ್ರೂ ಎದ್ದು ಮುಗಿಸಿದ್ರು! ಕ್ಲಾಸಲ್ಲಿ ಎಲ್ರಿಗೂ ಹೇಳ್ದೆ. ನೀವು ನಿಧಾನ ನಿಧಾನ ಅಂದ್ರಂತೆ, ಅಪ್ಪಾನೇ ಕೇಳ್ಲಿಲ್ವಂತೆ."

ನಾನು ಅವನ ಕಡೆ ನೋಡಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

"ಬಟ್ಟೆ ಒಗೆದು ಇಟ್ಟಿದೀನಿ. ಮುಂದಿನ ವರ್ಷ ಮೂವರೂ ದಾಟೋಣ, ಆಯ್ತಾ?"

"ಪೇಸರ್‌ಗಳು ಗೆರೆ ದಾಟಲ್ಲ ಪುಟ್ಟಿ. ನೀನೇ ಹೇಳಿದ್ಯಲ್ಲ."

"ಅಯ್ಯೋ ಆಂಟಿ, ಅದು ಸುಮ್ನೆ ತಮಾಷೆಗೆ ಹೇಳಿದ್ದು! ಸರ್‌ಪ್ರೈಸ್ ಹಾಳಾಗಬಾರ‍್ದು ಅಂತ ನಾನೇ ಯೋಚನೆ ಮಾಡಿದ್ದು ಆ ಡೈಲಾಗು. ನೀವು ನಂಬ್ಬಿಟ್ರಾ?" ಎಂದು ಆ ಮುರಿದ ಹಲ್ಲನ್ನು ಬಿಟ್ಟುಕೊಂಡು ಕಿಲಕಿಲ ನಕ್ಕಳು. ತನ್ನ ಜಾಣತನಕ್ಕೆ ತಾನೇ ಹೆಮ್ಮೆಪಟ್ಟು ಅಪ್ಪನ ಕಡೆ ತಿರುಗಿದಳು.

ನಾನು ಅವಳ ಗಲ್ಲ ಹಿಡಿದು ಮತ್ತೆ ಬೆಳಕಿನ ಕಡೆ ತಿರುಗಿಸಿದೆ.

"ನಗು ಪುಟ್ಟಿ," ಎಂದೆ. "ಇನ್ನೂ ಸ್ವಲ್ಪ ನಗು. ನನಗೆ ಹಲ್ಲು ಸರಿಯಾಗಿ ಕಾಣಬೇಕು."