ಎಂಟನೆಯ ಹಾಳೆಯ ಹೂ

ನಾನು ಕೀಟಲೆ ಗಿರಾಕಿ ಅನ್ನೋದು ಒಣಗಿಸಿದ ಗಿಡಗಳನ್ನು ಕಾಪಿಡುವ ನಮ್ಮ ಇಡೀ ಆಫೀಸಿಗೆ ಗೊತ್ತು. ಆದರೆ ಇದು ಮಾತ್ರ ನನ್ನ ಕೈಚಳಕ ಅಲ್ಲ.

ಬೆಟ್ಟದಲ್ಲಿ ನನಗೊಂದು ನೀಲಿ ಹೂ ಸಿಕ್ಕಿತ್ತು. ಅದು ಹೊಸ ಜಾತಿ ಎನ್ನಬೇಕಾದರೆ ಅದರ ಎಂಟು ಹತ್ತಿರದ ಸಂಬಂಧಿಗಳಿಗಿಂತ ಬೇರೆ ಎಂದು ತೋರಿಸಬೇಕು. ಏಳರ ಜೊತೆ ಹೋಲಿಸುವ ಕಾಟ ಮುಗಿದಿತ್ತು. ಎಂಟನೆಯ ಗಿಡದ್ದು ಜಗತ್ತಿನಲ್ಲಿ ಇದ್ದದ್ದು ಒಂದೇ ಒಣ ಮಾದರಿ, ನೂರು ವರ್ಷ ಹಳೆಯ ಹಾಳೆಗೆ ದಾರದಿಂದ ಹೊಲಿದದ್ದು. ಅದರಲ್ಲಿ ಬರೀ ಎಲೆ. ಹೂ ನೋಡದೆ ತೀರ್ಮಾನವಿಲ್ಲ ಎಂದು ನಮ್ಮ ಮುಖ್ಯಸ್ಥೆ ಮೇಡಂ ಸೋಮವಾರ ಹಾಳೆಯ ಫೋಟೊ ತೆಗೆದು ಬೀರುವಿಗೆ ಬೀಗ ಹಾಕಿದರು. ನನ್ನ ಹೀರೋ ಎಂಟ್ರಿಗೆ ಇಂಟರ್ವಲ್‌ಗೆ ಮೊದಲೇ ಕತ್ತರಿ ಬಿತ್ತು.

ಗುರುವಾರ ಬೆಳಿಗ್ಗೆ, ಇನ್ನೊಂದೇ ಸಲ ನೋಡೋಣ ಎಂದು ಗೋಗರೆದೆ. ತಣ್ಣನೆಯ ಎಸಿ ಕೋಣೆಯಲ್ಲಿ ಆ ಬೀರು ಮಾತ್ರ ಬೆಚ್ಚಗಿತ್ತು. ಬಾಗಿಲು ತೆರೆದರೆ ಆಗಷ್ಟೇ ಅರಳಿದ ಹೂವಿನ ಘಮ. ಹಾಳೆಯ ಮೂಲೆಯಲ್ಲಿ ಒಣಗಿ ಕಂದುಬಣ್ಣಕ್ಕೆ ತಿರುಗಿದ ಹೂವೊಂದು, ಅದೇ ಹಳೇ ದಾರದ ಹೊಲಿಗೆಯಲ್ಲಿ, ಆರಾಮಾಗಿ ಕೂತಿತ್ತು.

“ಏನೋ ಇದು ನಿನ್ನ ಕಿತಾಪತಿ?”

“ಅಮ್ಮನಾಣೆ ಮೇಡಂ! ನನಗೆ ಶರ್ಟಿನ ಗುಂಡಿ ಹೊಲಿಯೋಕೂ ಬರಲ್ಲ. ಬೀಗದ ಕೈ ನಿಮ್ ಬ್ಯಾಗಲ್ಲೇ ಇತ್ತಲ್ವಾ?”

ಮೇಡಂ ಎಸಳು ಎಣಿಸಿದರು. ಅದಕ್ಕೆ ನಾಲ್ಕು, ನಮ್ಮದಕ್ಕೆ ಐದು.

“ಹೊಸದೇ ಕಣೋ, ನಿನ್ ಹೂ!”

ಮೈ ಜುಂ ಅನ್ನುತ್ತಿದ್ದರೂ ಇಬ್ಬರೂ ಕುಣಿದುಬಿಟ್ಟೆವು.

ಆಮೇಲೆ ಮೇಡಂ ಚಿಮುಟದಿಂದ ಒಂದು ಎಸಳನ್ನು ಮೆಲ್ಲಗೆ ಎತ್ತಿದರು. ಸೋಮವಾರದ ಫೋಟೊದಲ್ಲಿ ಆ ಮೂಲೆಯ ಕಾಗದ ಪೂರ್ತಿ ಹಳದಿ. ಈಗ ಎಸಳಿನಡಿ, ನೂರು ವರ್ಷ ಬೆಳಕೇ ಬೀಳದ ಹಾಗೆ, ಎಸಳಿನದೇ ಆಕಾರದಲ್ಲಿ ಕಾಗದ ಅಚ್ಚ ಬಿಳಿಯಾಗಿತ್ತು.